ಮಾವನ ಗಿರಾಕಿಗಳು

ಮೋಟುಜಡೆಯ ಮೊದಲ ದಂಡಯಾತ್ರೆ ನಡೆದದ್ದು ಒಂದು ಹೋಟೆಲಿನ ಮಹಡಿಯ ಮೇಲೆ. ಸೈನ್ಯವೆಂದರೆ ಆಕೆ ಒಬ್ಬಳೇ. ಆಯುಧ ನಾಲ್ಕು ತಂತಿಯ ಒಂದು ಯುಕುಲೇಲೆ. ಯಾರೋ ತಿಳಿಯದೆ ಗಿಟಾರನ್ನು ಬಿಸಿನೀರಿಗೆ ಹಾಕಿ ಒಗೆದುಬಿಟ್ಟಿದ್ದಾರೆ ಅನ್ನಿಸುವಂಥದ್ದು. ಎದುರು ಸೇನೆಯಲ್ಲಿ ಹದಿನಾಲ್ಕು ಜನ. ಒಂಬತ್ತು ಮಂದಿ ಊಟಕ್ಕೆ ಬಂದವರು, ಮೂವರು ಅವರ ಮಕ್ಕಳು, ಒಬ್ಬ ಮಾಣಿ, ಇನ್ನೊಬ್ಬ ಏಣಿಯ ಮೇಲಿದ್ದದ್ದರಿಂದ ತಪ್ಪಿಸಿಕೊಳ್ಳಲಾರದೆ ಸಿಕ್ಕಿಬಿದ್ದ ಕರೆಂಟು ರಿಪೇರಿಯವನು.

ಆ ಸಂಜೆ ಆಕೆ ತಾನೇ ಕಟ್ಟಿದ ಆರು ಹಾಡು ಹಾಡಿದಳು. ಆರೂ ಮುಗಿಯಲಿಲ್ಲ. ಮೂರು ಸಾಲು ನೆಟ್ಟಗೆ ಬರುತ್ತಿದ್ದವು, ನಾಲ್ಕನೆಯ ಸಾಲು ಮೆಟ್ಟಿಲು ಹತ್ತಿದ ಹಾಗೆ ಏರುತ್ತಿತ್ತು, ಇನ್ನೇನು ಮೇಲಿನ ಮೆಟ್ಟಿಲಿಗೆ ಕಾಲಿಡಬೇಕು, ಅಷ್ಟರಲ್ಲಿ ಆಕೆಯ ಅಂಗೈ ತಂತಿಗಳ ಮೇಲೆ ಚಪ್ಪಟೆಯಾಗಿ ಬಿದ್ದು ಹಾಡು ಸತ್ತುಹೋಗುತ್ತಿತ್ತು. ಕಣ್ಣು ಬಾಗಿಲ ಕಡೆ. ಮೊದಲ ಸಲ ಹೀಗಾದಾಗ ಕರೆಂಟಿನವನು ತನ್ನಿಂದಲೇ ಏನೋ ಕೆಟ್ಟಿತೆಂದು ಗಾಬರಿಯಾಗಿ ಸ್ವಿಚ್ಚು ನೋಡಿದ. ಎಲ್ಲ ಸರಿಯಾಗಿದ್ದದ್ದು ಕಂಡು, ನೆಮ್ಮದಿಯಿಂದ ಚಪ್ಪಾಳೆ ತಟ್ಟಿದ. ಉಳಿದವರೂ ತಟ್ಟಿದರು. ಊಟಕ್ಕೆ ಬಂದಿದ್ದವರಲ್ಲಿ ಒಬ್ಬ ಪತ್ರಿಕೆಯವನಿದ್ದ. ಮಾರನೆಯ ವಾರ ಆತ 'ಅಪೂರ್ಣತೆಯ ಸೌಂದರ್ಯ' ಎಂದು ಅರ್ಧ ಕಾಲಮ್ಮು ಬರೆದು, ಆಕೆಗೆ 'ಅರೆಹಾಡಿನ ಅರಸಿ' ಎಂಬ ಬಿರುದು ಕೊಟ್ಟ. ಸಿಂಹಾಸನವಿಲ್ಲದ ಪಟ್ಟಾಭಿಷೇಕ ಹೀಗೆ ಮುಗಿಯಿತು.

ಜನಕ್ಕೆ ಅದು ಶೈಲಿ. ಆಕೆಗೆ ಮಾತ್ರ ಗೊತ್ತಿತ್ತು, ಹಾಡನ್ನು ತಾನು ನಿಲ್ಲಿಸುತ್ತಿಲ್ಲ ಅಂತ. ನಾಲ್ಕನೆಯ ಸಾಲು ಏರುವಾಗ ಬಾಗಿಲ ಗಂಟೆ ಕೇಳುತ್ತಿತ್ತು. ಸಣ್ಣ ಹಿತ್ತಾಳೆ ಗಂಟೆ, ಒಂದೇ ಸಲ, ಠಿಣ್ ಅಂತ. ಹೋಟೆಲಿನ ಬಾಗಿಲಿಗೆ ಗಂಟೆಯೇ ಇರಲಿಲ್ಲ.

ಆ ಗಂಟೆ ಎಲ್ಲಿಯದು ಎಂಬುದನ್ನು ತಿಳಿಯಲು ಆಕೆಯ ಸೋದರಮಾವನ ಅಂಗಡಿಯೊಳಗೆ ಹೋಗಬೇಕು. ಬಗ್ಗಿ ಹೋಗಬೇಕು, ಬಾಗಿಲು ಕುಳ್ಳು.

ಮಾವ ಕಟಿಂಗ್ ಶಾಪಿನವನು. ಅಂಗಡಿಯಲ್ಲಿ ಎರಡು ಕುರ್ಚಿ, ಎರಡು ಕನ್ನಡಿ, ನಡುವೆ ಹಲಗೆಯ ಒಂದು ಮರೆ. ಮುಂದಿನ ಕುರ್ಚಿ ಬಾಗಿಲ ಹತ್ತಿರ, ಗಿರಾಕಿಗಳಿಗೆ. ಹಿಂದಿನದು ಮರೆಯ ಒಳಬದಿಗೆ, ಸೋದರಸೊಸೆಗೆ. ಆಕೆಯ ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಊರವರ ಮಾತನ್ನೆಲ್ಲ ಜೋಡಿಸಿ, ಸಂಜೆ ಬಂದು ಮಗಳನ್ನು ಕರೆದುಕೊಂಡು ಹೋಗುತ್ತಿದ್ದಳು. ಅಲ್ಲಿಯವರೆಗೆ ಹುಡುಗಿ ಶಾಲೆಯಿಂದ ನೇರ ಮಾವನ ವಶ. ಮಹಡಿಯ ಮೇಲೆ ಅತ್ತೆ, ಬಟ್ಟೆ ಅಂಗಡಿಯೊಂದಕ್ಕೆ ಅಂಗಿಗಳ ಗುಂಡಿ ಹೊಲಿಯುತ್ತಾ ಕೂತಿರುತ್ತಿದ್ದಳು. ಮಹಡಿಗೆ ಹಲಗೆಯ ನೆಲ; ಕೆಳಗೆ ಸೀನಿದರೆ ಮೇಲಿನಿಂದ "ಬಿಸಿನೀರು ಕುಡೀರಿ" ಅಂತ ಉತ್ತರ ಬರುತ್ತಿತ್ತು.

ಮಾವನಿಗೆ ಬರುತ್ತಿದ್ದದ್ದು ಒಂದೇ ಕಟಿಂಗು. ಬರುವ ತಲೆ ಯಾವ ಆಕಾರದ್ದಾದರೂ ಇರಲಿ, ಹೋಗುವ ತಲೆ ಒಂದೇ. ಆ ಕಟಿಂಗು ಚಾಲ್ತಿಯಲ್ಲಿದ್ದಷ್ಟು ಕಾಲ ಆತ ಬೀದಿಗೆ ಚಕ್ರವರ್ತಿ. ಆಮೇಲೆ ಎದುರುಗಡೆ ತಿರುಗುವ ಕುರ್ಚಿ, ಬಣ್ಣದ ದೀಪ, ತಲೆ ಮಾಲೀಶಿನ ಹೊಸ ಅಂಗಡಿ ಬಂತು. ಬೀದಿಯ ತಲೆಗಳೆಲ್ಲ ಪಕ್ಷಾಂತರ ಮಾಡಿದವು. ಮಾವ ಬೇಸರ ಕಳೆಯಲು ಹಳೆ ಸಾಮಾನಿನವನ ಹತ್ತಿರ ಯುಕುಲೇಲೆ ತಂದ. ಮಗುವಿನ ಗಿಟಾರು, ಬೆಳೆಯುತ್ತೆ ಅಂತ ಸೊಸೆಗೆ ಹೇಳಿದ. ಆಕೆ ಎರಡು ವರ್ಷ ನಂಬಿದಳು, ಪ್ರತಿ ತಿಂಗಳು ಅಳತೆ ನೋಡಿದಳು.

ಪಾಠ ನಡೆಯುತ್ತಿದ್ದದ್ದು ಹೀಗೆ. ಹುಡುಗಿ ಹಿಂದಿನ ಕುರ್ಚಿಯಲ್ಲಿ ಕನ್ನಡಿಗೆ ಎದುರಾಗಿ; ಮಾವ ಆ ಕುರ್ಚಿಯ ಬೆನ್ನಿಗೆ ನಿಂತು ನುಡಿಸುವನು. ನಿಂತೇ ಕೆಲಸ ಮಾಡಿದ ಮನುಷ್ಯ, ಕೂತರೆ ಬೆರಳು ಓಡುತ್ತಿರಲಿಲ್ಲ. ಆಕೆಗೆ ಮಾವ ಕಾಣುತ್ತಿದ್ದದ್ದು ಕನ್ನಡಿಯಲ್ಲಿ ಮಾತ್ರ. ಕಂಡದ್ದನ್ನು ಕಂಡ ಹಾಗೆ ಮಾಡಿದ್ದರೆ ಸರಿಹೋಗುತ್ತಿತ್ತು. ಆದರೆ ಶಾಲೆಯ ಡ್ರಿಲ್ ಮೇಷ್ಟ್ರು 'ಎದುರು ನಿಂತವರ ಎಡ ನಮ್ಮ ಬಲ, ಮರೀಬೇಡಿ' ಅಂತ ತಲೆಗೆ ತಿದ್ದಿದ್ದರು. ಜಾಣ ಹುಡುಗಿ ಆ ಜ್ಞಾನವನ್ನು ಕನ್ನಡಿಗೂ ಅನ್ವಯಿಸಿದಳು. ಕನ್ನಡಿಯಲ್ಲಿದ್ದ ಮಾವ ತನ್ನ ಎದುರು ನಿಂತಿದ್ದಾನೆಂದು ಲೆಕ್ಕ ಹಿಡಿದು, ಎಡವನ್ನು ಬಲ ಮಾಡಿ, ಬಲವನ್ನು ಎಡ ಮಾಡಿ, ವಾದ್ಯವನ್ನು ತಲೆಕೆಳಗು ಹಿಡಿದು ಕಲಿತಳು. ಒಂದು ವರ್ಷವಾದ ಮೇಲೆ ಮಾವ ಗಮನಿಸಿದ.

"ಏನೇ ಇದು, ಉಲ್ಟಾ?"

"ನೀನೇ ಉಲ್ಟಾ ಮಾವ."

ಮಾವ ಒಂದು ತಂತಿ ಮೀಟಿ ನೋಡಿದ. "ಸದ್ದು ಬರುತ್ತಲ್ಲ, ಬಿಡು," ಅಂದ. ಅಲ್ಲಿಗೆ ಆಕೆಯ ಸಂಗೀತ ಶಿಕ್ಷಣದ ಶಾಸ್ತ್ರಭಾಗ ಮುಗಿಯಿತು. ಮುಂದೆ ಎಷ್ಟೋ ಪಂಡಿತರು ಆಕೆಯ ಬೆರಳುಗಳನ್ನು ನೋಡಿ, ಇದು ಯಾವ ಸಂಪ್ರದಾಯ ಅಂತ ಕೇಳಿದ್ದುಂಟು. ಕ್ಷೌರ ಸಂಪ್ರದಾಯ ಅಂತ ಆಕೆ ಹೇಳಲಿಲ್ಲ.

ಮಾವನ ಹತ್ತಿರ ಇದ್ದದ್ದು ಒಂದೇ ರಾಗ, ಕಟಿಂಗಿನ ಹಾಗೆ. ಪದವಿಲ್ಲ, ಬರೀ ಗುನುಗು. ಮೂರು ಸಾಲು ನೆಟ್ಟಗೆ, ನಾಲ್ಕನೆಯದು ಏರು. ಏರುವಾಗ ಪ್ರತಿ ಸಲ ಬಾಗಿಲ ಗಂಟೆ ಠಿಣ್ ಅನ್ನುತ್ತಿತ್ತು. ಮಾವ ತಂತಿಗಳ ಮೇಲೆ ಅಂಗೈ ಒತ್ತಿ, "ಬಂದ್ರು," ಅಂತ ಯುಕುಲೇಲೆಯನ್ನು ಟವೆಲ್ಲುಗಳ ಮೇಲಿಟ್ಟು, ಮರೆಯ ಆಚೆ ಹೋಗಿಬಿಡುತ್ತಿದ್ದ. "ಬನ್ನಿ ಬನ್ನಿ, ಎಷ್ಟು ದಿನ ಆಯ್ತು, ಕೂತ್ಕೊಳ್ಳಿ." ಬಿಳಿ ಬಟ್ಟೆ ಝಾಡಿಸುವ ಸದ್ದು. ಕತ್ತರಿಯ ಕಚಕಚ. ಸೊಸೆಗೆ ಕಟ್ಟಪ್ಪಣೆಯಿತ್ತು: ಗಿರಾಕಿಗಳಿರುವಾಗ ಮರೆ ದಾಟಕೂಡದು. ದಾಟಲಿಲ್ಲ. ಆದರೆ ಕಿವಿಗೆ ಮರೆ ಎಲ್ಲಿಯದು? ಮಾವನ ಮಾತೇ ಕೇಳುತ್ತಿತ್ತು, ಗಿರಾಕಿಯದು ಒಂದೂ ಕೇಳುತ್ತಿರಲಿಲ್ಲ.

"ಮಾವ, ಅವರು ಯಾಕೆ ಮಾತಾಡಲ್ಲ?"

"ನನ್ನ ಗಿರಾಕಿಗಳು ಮಾತು ಕಡಿಮೆ."

ಆಕೆಯ ಒಂಬತ್ತನೆಯ ವಯಸ್ಸಿನಲ್ಲಿ ಹಲಗೆಯ ಒಂದು ಮೊಳೆ ಬಿದ್ದುಹೋಗಿ ತೂತಾಯಿತು. ಮೊಳೆಯ ತೂತಿಗೂ ಒಂಬತ್ತು ವರ್ಷದ ಕಣ್ಣಿಗೂ ಬ್ರಹ್ಮನೇ ಅಳತೆ ಕೊಟ್ಟಿರುತ್ತಾನೆ. ಗಂಟೆ ಠಿಣ್ ಅಂದಿತು, ಮಾವ ಮರೆಯ ಆಚೆ ಹೋದ, ಆಕೆ ಕಣ್ಣಿಟ್ಟಳು.

ಮುಂದಿನ ಕುರ್ಚಿಗೆ ಬಿಳಿ ಬಟ್ಟೆ ಕಟ್ಟಿತ್ತು. ಕುತ್ತಿಗೆ ಇರಬೇಕಾದ ಕಡೆ ಗಂಟು ಹಾಕಿತ್ತು. ಕುತ್ತಿಗೆ ಇರಲಿಲ್ಲ. ಮಾವ ಬಾಚಣಿಗೆಯಿಂದ ಗಾಳಿಯನ್ನು ಎತ್ತಿ ಹಿಡಿದು ಅದರ ತುದಿಯನ್ನು ಕತ್ತರಿಸುತ್ತಿದ್ದ. ಬಗ್ಗಿ ಕೇಳಿದ, "ಸೈಡು ಸಾಕಾ, ಇನ್ನೂ ಸ್ವಲ್ಪ?" ಉತ್ತರಕ್ಕೆ ಕಾದ. ತಲೆಯಾಡಿಸಿದ. ಇನ್ನೂ ಸ್ವಲ್ಪ ಕತ್ತರಿಸಿದ.

ಆಕೆ ಕಿರುಚಲಿಲ್ಲ. ಮೆತ್ತಗೆ ಹಿಂದೆ ಬಂದು ತನ್ನ ಕುರ್ಚಿಯಲ್ಲಿ ಕೂತು, ಎರಡೂ ಕಾಲು ಮೇಲೆತ್ತಿಕೊಂಡಳು. ಮಾವನಿಗೆ ಹೆದರಲಿಲ್ಲ, ಅದು ಮುಖ್ಯ. ಮಾವ ಒಳ್ಳೆಯವನು. ಆತನ ಹತ್ತಿರ ಬೇರೆ ಥರದ ಜನ ಬರುತ್ತಾರೆ, ಅಷ್ಟೆ. ರಾಗ ಏರುವ ಜಾಗಕ್ಕೆ ಸರಿಯಾಗಿ ಬರುತ್ತಾರೆ. ರಾಗವೇ ಅವರನ್ನು ಕರೆಯುತ್ತದೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ನಂಬುವುದಿಲ್ಲ ಎಂಬ ಭಯವಲ್ಲ, ನಂಬಿಬಿಟ್ಟರೆ ಎಂಬ ಭಯ.

ಮೋಟುಜಡೆ ಎಂಬ ಹೆಸರೂ ಆ ಅಂಗಡಿಯದೇ ಕೊಡುಗೆ. ಮಾವ ವಾರಕ್ಕೊಮ್ಮೆ, ಕೆಲವು ವಾರ ಎರಡು ಸಲ, ಆಕೆಯ ಕೂದಲನ್ನು ಬೆರಳಗಲ ಕತ್ತರಿಸುತ್ತಿದ್ದ. "ಬೇಗ ಬೆಳೆಯುತ್ತೆ ನಿಂದು," ಅನ್ನುತ್ತಿದ್ದ. ಬೆಳೆಯಲು ಸಮಯ ಕೊಟ್ಟರೆ ತಾನೇ. ಶಾಲೆಯ ಹುಡುಗಿಯರೆಲ್ಲ ಎರಡು ಜಡೆ ಹಾಕುವ ಕಾಲದಲ್ಲಿ ಆಕೆಯ ಕುತ್ತಿಗೆಯ ಹಿಂದೆ ಇಲಿಯ ಬಾಲದಂಥದ್ದೊಂದು ರಿಬ್ಬನ್ನಿಗೆ ಜೋತುಬಿದ್ದಿರುತ್ತಿತ್ತು.

ಆಕೆಗೆ ಹದಿನೇಳಾದಾಗ ಮಾವ ಹೋದ. ಮಧ್ಯಾಹ್ನ ಊಟವಾದ ಮೇಲೆ ಮುಂದಿನ ಕುರ್ಚಿಯಲ್ಲಿ ಸ್ವಲ್ಪ ಒರಗಿದವನು ಹಾಗೇ ಉಳಿದ. ಬಹಳ ದಿನಗಳ ಮೇಲೆ ಆ ಕುರ್ಚಿ ತುಂಬಿತ್ತು. ಅತ್ತೆ ಅಂಗಡಿಗೆ ಬೀಗ ಹಾಕಿದಳು. ಯುಕುಲೇಲೆ ಸೊಸೆಗೆ ಬಂತು, ರಾಗ ಬಂತು. ಗಂಟೆ ಬರುತ್ತದೆಂದು ಯಾರೂ ಎಣಿಸಿರಲಿಲ್ಲ.

ಹೋಟೆಲಿನ ಮಹಡಿಯಿಂದ ಮುಂದಿನ ಇಪ್ಪತ್ತು ವರ್ಷದ ವಿಜಯಗಾಥೆಯನ್ನು ಚಿಕ್ಕದಾಗಿ ಹೇಳಬಹುದು, ವಿಜಯಗಳೂ ಚಿಕ್ಕವೇ. ಸ್ವತಂತ್ರ ಕಲಾವಿದೆ ಅನ್ನುತ್ತಾರಲ್ಲ, ಹಾಗೆಂದರೆ ಪದ ಬರೆಯುವವಳೂ ತಾನೇ, ಹಾಡುವವಳೂ ತಾನೇ, ಪೋಸ್ಟರು ಅಂಟಿಸುವವಳೂ ತಾನೇ, ಮಳೆ ಬಂದರೆ ಹೋಗಿ ಕಿತ್ತುಕೊಂಡು ಬರುವವಳೂ ತಾನೇ. ಹಗಲು ದಂತವೈದ್ಯರ ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುವ ಕೆಲಸ. ಅಲ್ಲೂ ಜನ ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಂಡು ಕುರ್ಚಿಯಲ್ಲಿ ಮಾತಿಲ್ಲದೆ ಕೂರುತ್ತಾರೆ; ಆದರೆ ಕಾಣುತ್ತಾರೆ, ಅದೊಂದು ಸಮಾಧಾನ. ಸಂಜೆ ಹಾಡು. ಪುಸ್ತಕದಂಗಡಿಯ ಮೂಲೆ, ಕಾಲೇಜಿನ ಕ್ಯಾಂಟೀನು, ಯಾರದೋ ಮನೆಯ ತಾರಸಿ. ಎಲ್ಲ ಕಡೆ ಆಕೆಯ ಹಾಡುಗಳು ಬೇರೆ ಬೇರೆ, ನಿಲ್ಲುವ ಜಾಗ ಒಂದೇ. ಪದ ಬದಲಾಯಿಸಿ ನೋಡಿದಳು, ತಾಳ ಬದಲಾಯಿಸಿದಳು, ಏರುವ ಸಾಲನ್ನು ಇಳಿಸಿಯೂ ನೋಡಿದಳು. ಠಿಣ್. ಅಂಗೈ ತಾನಾಗಿ ಬೀಳುತ್ತಿತ್ತು.

ಗಂಟೆ ಕೇಳಿದ ಮೇಲೆ ಆಕೆಯ ಕಣ್ಣು ಬಾಗಿಲಿನಿಂದ ಹೊರಟು ಖಾಲಿ ಕುರ್ಚಿ ಹುಡುಕುತ್ತಿತ್ತು. ಬಂದವರು ಎಲ್ಲಾದರೂ ಕೂರಬೇಕಲ್ಲ. ಖಾಲಿ ಕುರ್ಚಿಗೆ ಹೆದರುವ ಸ್ವತಂತ್ರ ಗಾಯಕಿ ಎಂದರೆ ನೀರಿಗೆ ಹೆದರುವ ಮೀನು. ಆಕೆಯ ಕಛೇರಿಗಳಲ್ಲಿ ಬೇರೇನು ಇಲ್ಲದಿದ್ದರೂ ಖಾಲಿ ಕುರ್ಚಿಗೆ ಬರವಿರಲಿಲ್ಲ. ಒಂದೊಂದು ಸಂಜೆ ಅರವತ್ತು ಎಪ್ಪತ್ತು ಜನ ಮಾತು ಕಡಿಮೆಯವರು ಬಂದು ಕೂತರೆಂದು ಲೆಕ್ಕ. ಗ್ರೀನ್‌ರೂಮಿನ ಕನ್ನಡಿಗೆ ಟವೆಲ್ಲು ಮುಚ್ಚುತ್ತಿದ್ದಳು. ಅದಕ್ಕೂ ಕಾರಣವಿತ್ತು. ತಲೆಕೆಳಗು ಕಲಿತವಳು ಕನ್ನಡಿಯ ಮುಂದೆ ನುಡಿಸಿದರೆ ಅದರಲ್ಲಿ ನೇರ ಕಾಣುತ್ತದೆ. ಮಾವ ಈ ಕಡೆ ತಿರುಗಿ ನಿಂತಿದ್ದಾನೆ ಅನ್ನುವ ಹಾಗೆ.

ಆಕೆಯ ಹಾಡುಗಳನ್ನು ರೆಕಾರ್ಡು ಮಾಡುತ್ತಿದ್ದವನಿಗೆ ಎಲ್ಲರೂ ಕಿವಿಯಣ್ಣ ಅನ್ನುತ್ತಿದ್ದರು. ಎರಡು ಮನೆಯಾಚೆ ಹಾಲು ಉಕ್ಕಿದರೆ ಮೈಕು ನಿಲ್ಲಿಸುವ ಮನುಷ್ಯ. ಒಂದು ದಿನ ಹೆಡ್‌ಫೋನು ಕುತ್ತಿಗೆಗೆ ಇಳಿಸಿ ಕೇಳಿದ.

"ತಂಗಿ, ಹಾಡು ನಿಲ್ಲೋ ಜಾಗದಲ್ಲಿ ಬಾಗಿಲ ಕಡೆ ನೋಡ್ತೀಯ. ಯಾರನ್ನ ಕಾಯ್ತಾ ಇದ್ದೀಯ?"

"ನಿಂಗೆ ಏನೂ ಕೇಳಿಸಲ್ವಾ ಅಣ್ಣ?"

"ನೀನು ಉಸಿರು ಹಿಡಿಯೋದು ಕೇಳುತ್ತೆ."

"ಇನ್ನೇನೂ ಇಲ್ವಾ?"

"ಇನ್ನೇನು ಬೇಕು? ಉಸಿರು ಬಿಟ್ಟರೆ ಹಾಡು ಮುಂದೆ ಹೋಗುತ್ತೆ. ಪುಕ್ಕಟೆ ಸಲಹೆ, ಬೇಕಾದ್ರೆ ತಗೋ."

ಸಲಹೆ ಪುಕ್ಕಟೆಯಾದ್ದರಿಂದ ಆಕೆ ತೆಗೆದುಕೊಳ್ಳಲಿಲ್ಲ.

ಆಮೇಲೆ ಆಕೆಯ ನಲವತ್ತಮೂರನೆಯ ವಯಸ್ಸಿನಲ್ಲಿ ಒಂದು ಅನಾಹುತವಾಯಿತು: ಸಭಾಂಗಣ ತುಂಬಿತು. ನೂರಾ ಇಪ್ಪತ್ತು ಕುರ್ಚಿಯ ಒಳ್ಳೆಯ ಸಭಾಂಗಣ, ಅರೆಹಾಡಿನ ಅರಸಿಯ ಕೀರ್ತಿ ಹೇಗೋ ಅಷ್ಟು ದೂರ ನಡೆದಿತ್ತು. ನೂರಾ ಹತ್ತೊಂಬತ್ತು ಜನ ಬಂದರು. ಮುಂದಿನ ಸಾಲಿನ ನಡುವಿನ ಕುರ್ಚಿ ಒಂದೇ ಒಂದು ಉಳಿಯಿತು. ಅದರ ಬೆನ್ನಿಗೆ ಯಾರೋ ಸೀಟು ಹಿಡಿಯಲು ಬಿಳಿ ಟವೆಲ್ಲು ಹಾಕಿ ಹೋಗಿದ್ದರು. ಮೊದಲ ಹಾಡಿನ ನಾಲ್ಕನೆಯ ಸಾಲು. ಠಿಣ್. ಎಪ್ಪತ್ತು ಕುರ್ಚಿ ಖಾಲಿಯಿದ್ದರೆ ಯಾವುದರಲ್ಲಿ ಕೂತರು ಅಂತ ಗೊತ್ತಾಗುವುದಿಲ್ಲ. ಒಂದೇ ಇದ್ದರೆ ಗೊತ್ತಾಗುತ್ತದೆ. ಆಕೆ ನೋಡುತ್ತಿದ್ದ ಹಾಗೆ, ಸದ್ದಿಲ್ಲದ ಸಭಾಂಗಣದಲ್ಲಿ, ಆ ಕುರ್ಚಿಯ ಮೇಲಿನ ಗಾಳಿಯಲ್ಲಿ ಕತ್ತರಿ ಆಡಿತು. ಕಚಕಚ. ನಿಂತಿತು, ಉತ್ತರಕ್ಕೆ ಕಾದ ಹಾಗೆ. ಮತ್ತೆ ಕಚಕಚ.

ಆಕೆ ಎದ್ದು, ನಮಸ್ಕಾರ ಮಾಡಿ, ಹಿಂದಿನ ಬಾಗಿಲಿನಿಂದ ಹೊರಟುಹೋದಳು. ಜನ ಅದನ್ನೂ ಶೈಲಿ ಎಂದು ತಿಳಿದು ಹತ್ತು ನಿಮಿಷ ಕೂತಿದ್ದರಂತೆ.

ಏಳು ತಿಂಗಳು ಯುಕುಲೇಲೆ ಮಂಚದ ಕೆಳಗಿತ್ತು. ಕಿವಿಯಣ್ಣ ಮೂರು ಸಲ ಬಂದು, ಮೂರು ಸಲ ಚಹಾ ಕುಡಿದು, ಮಂಚದ ಕಡೆ ನೋಡದೆ ಹೋದ. ಆಕೆ ಚೀಟಿ ಬರೆಯುತ್ತಿದ್ದಳು. ಗುನುಗುವುದನ್ನು ಕೂಡ ಬಿಟ್ಟಿದ್ದಳು, ಗುನುಗಿಗೂ ನಾಲ್ಕನೆಯ ಸಾಲಿರುತ್ತದಲ್ಲ.

ಅಷ್ಟರಲ್ಲಿ ಅತ್ತೆಯ ಫೋನು.

"ಮೊಣಕಾಲು ಎರಡೂ ರಾಜೀನಾಮೆ ಕೊಟ್ಟಿವೆ ಕಣೇ. ಮೆಟ್ಟಿಲು ಆಗಲ್ಲ. ಕೆಳಗಿನ ಅಂಗಡಿಯನ್ನೇ ಮಲಗೋ ಕೋಣೆ ಮಾಡ್ಕೋತೀನಿ. ಬಂದು ಖಾಲಿ ಮಾಡಿಕೊಡು."

"ಬೇರೆ ಯಾರಿಗಾದ್ರೂ ಹೇಳಬಾರ್ದಾ ಅತ್ತೆ?"

"ಬೇರೆ ಯಾರು ಆ ಅಂಗಡೀಲಿ ಬೆಳೆದವರು? ಬಾ. ಭಾನುವಾರ."

ಆಕೆ ಹೋದಳು. ಯುಕುಲೇಲೆಯನ್ನೂ ಒಯ್ದಳು, ನುಡಿಸಲು ಅಲ್ಲ. ಮಾವನ ಸಾಮಾನಿನ ಜೊತೆ ಇಟ್ಟು ಕೈತೊಳೆದುಕೊಂಡು ಬರುವುದೆಂದು. ಎಲ್ಲಿಂದ ಬಂತೋ ಅಲ್ಲಿಗೆ ಹೋಗಲಿ, ಬರುವವರೂ ಅಲ್ಲಿಗೇ ಬರಲಿ.

ಇಪ್ಪತ್ತಾರು ವರ್ಷದ ಬೀಗ ಎಣ್ಣೆ ಕುಡಿದು ತೆರೆಯಿತು. ಬಾಗಿಲು ತಳ್ಳಿದಾಗ ತಲೆಯ ಮೇಲೆ ಗಂಟೆ ಠಿಣ್ ಅಂದಿತು. ಈ ಸಲ ನಿಜವಾದದ್ದು. ಆಕೆ ಹೊಸ್ತಿಲಲ್ಲೇ ಒಂದು ನಿಮಿಷ ಗೋಡೆ ಹಿಡಿದು ನಿಂತಳು. ಒಳಗೆ ಎಲ್ಲ ಇದ್ದ ಹಾಗೇ ಇತ್ತು, ಧೂಳು ಮಾತ್ರ ಹೊಸದು. ಮುಂದಿನ ಕುರ್ಚಿಗೆ ಆಕೆ ಬೆನ್ನು ಹಾಕಲಿಲ್ಲ. ಬಾಟಲಿ, ಬಾಚಣಿಗೆ, ಪೌಡರಿನ ಡಬ್ಬಿಗಳನ್ನು ಪೆಟ್ಟಿಗೆಗೆ ತುಂಬುವಾಗಲೂ ಅದರ ಕಡೆಗೇ ಮುಖ ಮಾಡಿ, ಏಡಿಯ ಹಾಗೆ ಅಡ್ಡಡ್ಡ ನಡೆಯುತ್ತಿದ್ದಳು. ಕೊನೆಗೆ ಅದರ ಮೇಲೆ ಧೂಳು ಬೀಳದಿರಲೆಂದು ಹಳೆಯ ಬಿಳಿ ಬಟ್ಟೆಯನ್ನು ದೂರದಿಂದಲೇ ಎಸೆದು ಮುಚ್ಚಿದಳು. ಬಟ್ಟೆ ಬಿದ್ದ ರೀತಿ ಚೆನ್ನಾಗಿರಲಿಲ್ಲ. ಯಾರೋ ಕೂತ ಹಾಗೆ ಬಿತ್ತು.

ನಡುವಿನ ಮರೆಯ ಹಲಗೆಗಳನ್ನು ಒಂದೊಂದಾಗಿ ಕಿತ್ತಳು. ಹಿಂದಿನ ಕುರ್ಚಿಯನ್ನು ಸರಿಸಲು ಬಗ್ಗಿದಾಗ ಅದರ ಬೆನ್ನ ಬುಡದಲ್ಲಿ ಒಂದು ದಾರ ಕಂಡಿತು. ಮೀನಿನ ಗಾಳಕ್ಕೆ ಕಟ್ಟುವ ಥರದ ಗಟ್ಟಿ ದಾರ. ತುದಿಯಲ್ಲಿ ಒಂದು ಕುಣಿಕೆ, ಕಾಲಿನ ಹೆಬ್ಬೆರಳು ಹಿಡಿಸುವಷ್ಟು. ದಾರ ಗೋಡೆಯ ಅಂಚಿಗೆ ಹೊಡೆದ ಪುಟ್ಟ ಕೊಕ್ಕೆಗಳ ಮೂಲಕ ಓಡಿ, ಮೂಲೆ ತಿರುಗಿ, ಬಾಗಿಲ ಚೌಕಟ್ಟು ಹತ್ತಿ ಮೇಲಕ್ಕೆ ಹೋಗಿತ್ತು.

ಆಕೆ ಕುಣಿಕೆಯನ್ನು ಬೆರಳಿಗೆ ಹಾಕಿ ಎಳೆದಳು. ಮುಚ್ಚಿದ ಬಾಗಿಲ ಮೇಲೆ ಗಂಟೆ ಠಿಣ್ ಅಂದಿತು.

ಇನ್ನೊಮ್ಮೆ ಎಳೆದಳು. ಠಿಣ್.

ಆಮೇಲೆ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿ ಅತ್ತೆಯ ಮುಂದೆ ನಿಂತಳು. ಅತ್ತೆ ಸೂಜಿಗೆ ದಾರ ಪೋಣಿಸುತ್ತಿದ್ದಳು, ತಲೆ ಎತ್ತಲಿಲ್ಲ.

"ಸಿಕ್ತಾ?" ಅಂದಳು.

"ನಿಂಗೆ ಗೊತ್ತಿತ್ತಾ?"

"ಕೂತ್ಕೋ. ಏದುಸಿರು ಬಿಡ್ತಾ ಇದ್ದೀಯ. ಎದುರು ಅಂಗಡಿ ಬಂದ ಮೇಲೆ ನಿನ್ನ ಮಾವನ ಹತ್ರ ಯಾರು ಬರ್ತಿದ್ರು? ದಿನಕ್ಕೆ ಒಬ್ಬ, ಇಬ್ಬರು. ಅದನ್ನ ನನಗೆ ಹೇಳೋಕೆ ಮಾನ ಅಡ್ಡ ಬಂತು. ನಾನು ಮೇಲೆ ಕೂತು ಗಂಟೆ ಕೇಳ್ತಾ ಇರ್ತೀನಿ ಅಂತ ಗೊತ್ತು. ಅದಕ್ಕೇ ಆ ದಾರ."

"ಕತ್ತರಿ ಆಡಿಸ್ತಿದ್ದ ಅತ್ತೆ. ನಾನು ನೋಡಿದೀನಿ. ಖಾಲಿ ಕುರ್ಚೀಲಿ. ಬಟ್ಟೆ ಕಟ್ಟಿ."

"ಕಟ್ಟದೆ ಝಾಡಿಸಿದ್ರೆ ಸದ್ದು ಬೇರೆ ಬರುತ್ತೆ. ಸುಳ್ಳನ್ನೂ ಅಚ್ಚುಕಟ್ಟಾಗಿ ಮಾಡೋ ಮನುಷ್ಯ." ಅತ್ತೆ ದಾರದ ತುದಿಯನ್ನು ಹಲ್ಲಿನಿಂದ ಕಡಿದಳು. "ಆದ್ರೆ ಸಾಯಂಕಾಲ ಗುಡಿಸೋಳು ನಾನಲ್ವಾ? ಹನ್ನೊಂದು ಸಲ ಗಂಟೆ ಕೇಳಿಸಿರೋದು, ನೆಲದ ಮೇಲೆ ಎರಡೇ ತಲೆಯಷ್ಟು ಕೂದಲು. ಒಂದು ದಿನ ನಗುತ್ತಾ, ನಿಮ್ಮ ಗಿರಾಕಿಗಳೆಲ್ಲ ಬೋಳುತಲೆಯವರಾ ಅಂದೆ. ಮಾರನೇ ದಿನದಿಂದ ನಿನ್ನ ಕೂದಲಿಗೆ ಕತ್ತರಿ ಬಿತ್ತು."

ಮೋಟುಜಡೆಯ ಕೈ ತಾನಾಗಿ ಕುತ್ತಿಗೆಯ ಹಿಂದಕ್ಕೆ ಹೋಯಿತು.

"ಎಲ್ಲ ಗಿರಾಕಿಗಳದೂ ಒಂದೇ ಬಣ್ಣದ ಕೂದಲು. ಎಲ್ಲರಿಗೂ ನಿನ್ನ ತಲೆ ಎಣ್ಣೆ ವಾಸನೆ. ಒಂದು ಸಲ ಅದರೊಳಗೆ ರಿಬ್ಬನ್ ಚೂರೂ ಸಿಕ್ತು. ಯಾವ ಗಂಡಸು ಕಟ್ಟಿಕೊಂಡಿದ್ದನೋ."

"ನೀನು ಮಾವನಿಗೆ ಯಾಕೆ ಹೇಳಲಿಲ್ಲ, ಗೊತ್ತಾಗಿದೆ ಅಂತ?"

"ಹೇಳಿದ್ರೆ ಅವರಿಗೆ ಗಿರಾಕಿಗಳೇ ಇಲ್ಲದಂಗೆ ಆಗ್ತಿತ್ತಲ್ಲೇ." ಅತ್ತೆ ಒಂದು ಗುಂಡಿ ಹೊಲಿದು ಮುಗಿಸಿದಳು. "ಅವರು ಹೋದ ದಿನ ಮಧ್ಯಾಹ್ನ ಗಂಟೆ ಕೇಳಲಿಲ್ಲ. ಒಂದಾದ್ರೂ ಕೇಳಬೇಕಿತ್ತು. ಅದಕ್ಕೇ ಇಳಿದು ಹೋಗಿ ನೋಡಿದೆ."

ಕೆಳಗೆ ಬೀದಿಯಲ್ಲಿ ಒಂದು ಸೈಕಲ್ಲು ಹೋಯಿತು.

"ಮತ್ತೆ ಆ ಹಾಡು?" ಮೋಟುಜಡೆ ಕೇಳಿದಳು. "ಯಾವಾಗಲೂ ಅಲ್ಲೇ ಯಾಕೆ ಎಳೀತಿದ್ದ?"

"ಅವರಿಗೆ ಬರ್ತಿದ್ದದ್ದು ಅಷ್ಟೇ ಕಣೇ. ಮುಂದಿನದು ಗೊತ್ತಿರಲಿಲ್ಲ. ಮೊದಮೊದಲು ಅಲ್ಲಿ ಬಂದು ತಪ್ಪೋರು, ಬೈಕೊಳ್ಳೋರು, ನಾನು ಮೇಲಿಂದ ಕೇಳಿದೀನಿ. ನೀನು ಕಲಿಯೋಕೆ ಕೂತ ಮೇಲೆ ತಪ್ಪಲೇ ಇಲ್ಲ. ಆ ಜಾಗಕ್ಕೆ ಸರಿಯಾಗಿ ಗಿರಾಕಿ ಬರೋರು. ಒಂದೇ ದಾರದಲ್ಲಿ ಎರಡು ಮಾನ ಉಳಿಸ್ಕೊಂಡ್ರು."

ಮೋಟುಜಡೆಗೆ ನಗು ಬಂತು. ನಕ್ಕಳು. ನಗು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲದೆ ಮುಂದೆ ಹೋಯಿತು, ಅತ್ತೆ ಸೆರಗಿನಿಂದ ಆಕೆಯ ಮುಖ ಒರೆಸಬೇಕಾಯಿತು. ಇಪ್ಪತ್ತು ವರ್ಷ ಪಂಡಿತರು ವ್ಯಾಖ್ಯಾನ ಬರೆದ ಅಪೂರ್ಣತೆಯ ಸೌಂದರ್ಯವೆಂದರೆ ಒಬ್ಬ ಮನುಷ್ಯನ ಕಾಲಿನ ಹೆಬ್ಬೆರಳು.

ಭೂತಕ್ಕೆ ವಿವರಣೆ ಸಿಕ್ಕಿತು. ವಿವರಣೆ ಸಿಕ್ಕ ಭೂತ ಹೋಗಲೇಬೇಕೆಂದು ಯಾವ ಕಾನೂನೂ ಇಲ್ಲ.

ಆಕೆ ಇಳಿದು ಬಂದು ಸ್ಕ್ರೂಡ್ರೈವರ್‌ನಿಂದ ಗಂಟೆಯನ್ನು ಬಿಚ್ಚಿದಳು. ಹಳೆ ಪತ್ರಿಕೆಯಲ್ಲಿ ಎರಡು ಸುತ್ತು ಸುತ್ತಿ, ನಾಲಿಗೆ ಅಲ್ಲಾಡದ ಹಾಗೆ ಒಂದು ಟವೆಲ್ಲು ತುರುಕಿ, ಪೆಟ್ಟಿಗೆಯ ತಳಕ್ಕಿಟ್ಟು ಮೇಲೆ ಪೌಡರಿನ ಡಬ್ಬಿಗಳನ್ನು ಪೇರಿಸಿದಳು. ಕುಣಿಕೆಯನ್ನು ಕತ್ತರಿಸಿ ಜೇಬಿಗೆ ಹಾಕಿಕೊಂಡಳು. ಆಮೇಲೆ ಹಿಂದಿನ ಕುರ್ಚಿಯಲ್ಲಿ ಕನ್ನಡಿಗೆ ಎದುರಾಗಿ ಕೂತು, ಚೀಲದ ಜಿಪ್ಪು ಎಳೆದಳು. ಯುಕುಲೇಲೆ ಏಳು ತಿಂಗಳಲ್ಲಿ ಶ್ರುತಿ ಬಿಟ್ಟಿತ್ತು. ಕೂಡಿಸಿದಳು. ಮಧ್ಯಾಹ್ನ ಮೂರು ಗಂಟೆಯ ಬಿಸಿಲು ಬಾಗಿಲ ಗಾಜಿನಿಂದ ಒಳಗೆ ಬಂದು ಹಲಗೆ ಕಿತ್ತ ಜಾಗ ದಾಟಿ, ಮೊದಲ ಸಲ ಹಿಂದಿನ ಕನ್ನಡಿಯವರೆಗೆ ತಲುಪಿತ್ತು.

ಮೂರು ಸಾಲು ನೆಟ್ಟಗೆ ಬಂದವು. ಕನ್ನಡಿಯಲ್ಲಿ ಮಾವನ ಕೈ ಇತ್ತು. ಎಡಗೈ ವಾದ್ಯದ ಮನೆಗಳ ಮೇಲೆ, ಬಲಗೈ ತಂತಿಯ ಮೇಲೆ, ಎಲ್ಲ ನೇರ. ಆತನ ಹಿಂದೆ, ಈಗ ಮರೆಯಿಲ್ಲದ್ದರಿಂದ, ಮುಂದಿನ ಕುರ್ಚಿ ಪೂರ್ತಿ ಕಾಣುತ್ತಿತ್ತು. ಬಿಳಿ ಬಟ್ಟೆ ಹೊದ್ದು, ಈ ಕಡೆ ಕಿವಿಯಿಟ್ಟು.

ನಾಲ್ಕನೆಯ ಸಾಲು ಏರಿತು.

ಠಿಣ್.

ಅಂಗೈ ತಂತಿಗಳ ಕಡೆ ಹೊರಟಿತು. ಅಷ್ಟರಲ್ಲಿ ಹಲಗೆಯ ನೆಲದ ಮೇಲಿನಿಂದ ಅತ್ತೆಯ ದನಿ ಬಂತು, ಇಪ್ಪತ್ತಾರು ವರ್ಷದ ಹಿಂದಿನ ಅದೇ ದನಿ.

"ಯಾರೋ ಬಂದ್ರಲ್ಲೇ, ನೋಡು."

ಪತ್ರಿಕೆಯಲ್ಲಿ ಸುತ್ತಿಟ್ಟ ಗಂಟೆ ಅತ್ತೆಗೆ ನಿಜವಾಗಿ ಕೇಳಿತೋ, ಅಥವಾ ಆ ಜಾಗದಲ್ಲಿ ಗಂಟೆಯಾಗಬೇಕೆಂದು ಗೊತ್ತಿದ್ದವಳು ರೂಢಿಯಿಂದ ಕೇಳಿಸಿಕೊಂಡಳೋ, ಮೋಟುಜಡೆ ಆಗಲೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ಇಲ್ಲದ ಗಿರಾಕಿಗಳನ್ನು ಅಷ್ಟು ವರ್ಷ ಕೇಳಿಸಿಕೊಂಡ ಹೆಂಗಸಿಗೆ ಅಂಥ ಪ್ರಶ್ನೆ ಕೇಳುವುದು ಮರ್ಯಾದೆಯಲ್ಲ. ಆಕೆ ಕನ್ನಡಿಯಲ್ಲಿ ಬಿಳಿ ಬಟ್ಟೆಯನ್ನೇ ನೋಡುತ್ತಾ ಗಂಟಲು ಸರಿಮಾಡಿಕೊಂಡಳು.

"ಕೂತ್ಕೊಂಡಿದ್ದಾರೆ ಅತ್ತೆ. ಸ್ವಲ್ಪ ಕಾಯ್ತಾರೆ."

ಹಿಡಿದ ಉಸಿರು ಬಿಟ್ಟಳು. ಕೈ ತಂತಿಯ ಮೇಲೆ ಚಪ್ಪಟೆಯಾಗಿ ಬೀಳದೆ, ಸವರಿಕೊಂಡು ಆಚೆ ಹೋಯಿತು. ಅಲ್ಲಿಂದ ಮುಂದೆ ಯಾರೂ ಕಲಿಸಿರಲಿಲ್ಲ. ಮೊದಲ ಸ್ವರ ತಪ್ಪು. ಎರಡನೆಯದು ಇನ್ನೂ ತಪ್ಪು. ಕತ್ತಲ ಮನೆಯಲ್ಲಿ ಸ್ವಿಚ್ಚು ತಡಕುವ ಹಾಗೆ ಬೆರಳುಗಳು ತಡಕಾಡಿದವು; ಎಲ್ಲೋ ಒಂದು ಕಡೆ ಮೇಲಿನ ಮೆಟ್ಟಿಲು ಸಿಕ್ಕಿತು, ಅಲ್ಲಿಂದ ಇಳಿಯುವ ದಾರಿಯೂ ಸಿಕ್ಕಿತು, ಎರಡು ಸಾಲಿನಲ್ಲಿ ಹಾಡು ಮನೆಗೆ ಬಂದು ಕೂತಿತು. ಕನ್ನಡಿಯಲ್ಲಿದ್ದ ಕೈ ಒಂದು ಸಲವೂ ಹಿಂದೆ ಬೀಳಲಿಲ್ಲ. ತನಗೂ ಹೊಸದಾದ ದಾರಿಯಲ್ಲಿ ಜೊತೆಗೇ ಬಂತು.

ಮೇಲೆ ಸೂಜಿಯ ಡಬ್ಬಿ ಮುಚ್ಚಿದ ಸದ್ದಾಯಿತು.

"ಇಷ್ಟೇನಾ?" ಅಂದಳು ಅತ್ತೆ. "ಇದಕ್ಕೆ ಅಷ್ಟು ವರ್ಷ ಒದ್ದಾಡಿದ್ರಾ ಆ ಮನುಷ್ಯ?"

"ಇಷ್ಟೇ ಅತ್ತೆ."

"ಇನ್ನೊಂದು ಸಲ ನುಡಿಸು. ನಡುವೆ ಎಲ್ಲೋ ತಪ್ಪಿದೆ."

ಇನ್ನೊಂದು ಸಲ ನುಡಿಸಿದಳು. ಸಂಜೆಯಾಗುವವರೆಗೆ ನುಡಿಸಿದಳು. ಗಂಟೆ ಪ್ರತಿ ಸಲವೂ ಆಯಿತು, ಆಗುತ್ತಲೇ ಇದೆ. ಆ ಭಾನುವಾರ ಕೋಣೆ ಖಾಲಿಯಾಗಲಿಲ್ಲ, ಅತ್ತೆ ಇನ್ನೂ ಒಂದು ವಾರ ಮೆಟ್ಟಿಲು ಹತ್ತಿದಳು.

ಅರೆಹಾಡಿನ ಅರಸಿ ಹಾಡುಗಳನ್ನು ಮುಗಿಸತೊಡಗಿದ್ದು ಪ್ರಜೆಗಳಿಗೆ ಹಿಡಿಸಿತೆಂದು ಹೇಳಲಾಗದು. 'ಮೊದಲಿನ ನಿಗೂಢತೆ ಇಲ್ಲ' ಎಂದು ಅದೇ ಪತ್ರಿಕೆಯವನು ಕಾಲು ಕಾಲಮ್ಮು ಬರೆದ. ಕಿವಿಯಣ್ಣ ಮಾತ್ರ ಹೆಡ್‌ಫೋನು ತೆಗೆಯದೆ ಒಂದೇ ಹಾಡನ್ನು ಮೂರು ಸಲ ಕೇಳಿ, ನಾಲ್ಕನೆಯ ಚಹಾ ತರಿಸಿಕೊಂಡ. ಈಗ ಆಕೆ ಎಲ್ಲಿ ಹಾಡಿದರೂ ಒಂದು ಷರತ್ತು ಇರುತ್ತದೆ: ಮುಂದಿನ ಸಾಲಿನ ನಡುವಿನ ಕುರ್ಚಿಯ ಬೆನ್ನಿಗೆ ಒಗೆದ ಬಿಳಿ ಟವೆಲ್ಲು ಹಾಕಿ ಖಾಲಿ ಬಿಡಬೇಕು. ಹೋದ ತಿಂಗಳು ಒಂದು ಸಭಾಂಗಣದವನು ತಕರಾರು ತೆಗೆದ.

"ಒಳ್ಳೇ ಸೀಟು ಮೇಡಂ, ಯಾರಿಗೆ ಇಡೋದು ಅಂತ ಹೇಳಿ. ಲೇಟಾಗಿ ಬಂದು ಗಲಾಟೆ ಮಾಡೋ ಪೈಕಿಯವರಲ್ಲ ತಾನೇ?"

"ಹಾಡಿನ ನಾಲ್ಕನೇ ಸಾಲಿಗೆ ಸರಿಯಾಗಿ ಬರ್ತಾರೆ," ಅಂದಳು ಮೋಟುಜಡೆ. "ಗಲಾಟೆ ಇಲ್ಲ. ಮಾತು ಕಡಿಮೆ."